ಕಾರಿಲ್ಲದ ಪೈನ್ ದಾರಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಫ್ರಾನ್ಸಿನ ನೈಋತ್ಯ ಮೂಲೆಯ ಲಾಂದ್ ಪೈನ್ ಕಾಡಿನಲ್ಲಿ ಸೈಕಲ್ಲಿಗೆಂದೇ ಇರುವ ದಾರಿಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ನಾನಿರುವ ಬೋರ್ಡೋ ಊರಿನ ಅಂಚಿನಿಂದ ಹೊರಟು ಅಟ್ಲಾಂಟಿಕ್ ಕಡಲು ಸಿಗುವವರೆಗೆ, ಅಲ್ಲಿಂದ ಕರಾವಳಿಗುಂಟ ಎಡಕ್ಕೋ ಬಲಕ್ಕೋ ತಿರುಗಿದರೆ ಇನ್ನೂ ದಿನಗಟ್ಟಲೆ, ಹಿಂದಿನಿಂದ ಯಾರೂ ಹಾರ್ನ್ ಹೊಡೆಯದೆ ಹೋಗಬಹುದು ಎಂದಿದ್ದೆ. ಪತ್ರಗಳು ಬಹಳ ಬಂದಿವೆ. ನನ್ನದೊಂದು ತಕರಾರಿದೆ: ಹೆಚ್ಚಿನವರು ‘ನಿಮ್ಮ ಸಾಹಸ ಓದಿ ಖುಷಿಯಾಯಿತು’ ಎಂದೇ ಶುರು ಮಾಡಿದ್ದೀರಿ. ಇದರಲ್ಲಿ ಸಾಹಸ ಏನೂ ಇಲ್ಲ ಮಾರಾಯ್ರೆ. ನಮ್ಮ ಸಾಗರದ ಬಸ್‌ಸ್ಟ್ಯಾಂಡ್ ಎದುರು ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಸೈಕಲ್ ಹೊಡೆಯುತ್ತಾರಲ್ಲ, ಅದು ಸಾಹಸ. ಇಲ್ಲಿ ಬೇಕಾದ್ದು ನೀರು, ಗಾಳಿ ಸರಿಯಿರುವ ಟೈರು, ಅಂಗಡಿ ಬಾಗಿಲು ಹಾಕುವ ಹೊತ್ತಿನ ಲೆಕ್ಕ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ. ಹೈಸ್ಕೂಲು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ. ಮಗ ತುಲೂಸಿನಲ್ಲಿ ಓದುತ್ತಿದ್ದಾನೆ, ‘ಬಾರಮ್ಮ, ಹೋಗೋಣ’ ಎನ್ನುತ್ತಾನೆ. ನನ್ನಿಂದ ಆಗುತ್ತದೆಯೇ?
– ಹಾಸನದಿಂದ ಒಬ್ಬ ಓದುಗರು

ಆಗುತ್ತದೆ. ಹೊರಡುವ ಮೊದಲು ಒಂದೆರಡು ತಿಂಗಳು ಬೆಳಗ್ಗೆ ಬೇಗ ಎದ್ದು ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ. ಬ್ಯಾಲೆನ್ಸ್ ಮರೆಯುವುದಿಲ್ಲ, ಕೂರುವ ಜಾಗ ಮಾತ್ರ ಮರೆತಿರುತ್ತದೆ. ಮೊದಲ ವಾರದ ನೋವು ಊರಿನಲ್ಲೇ ಮುಗಿಯಲಿ.

ದಾರಿಗೆ ನನ್ನ ಸಲಹೆ ಹೀಗೆ. ಬೋರ್ಡೋದಿಂದ ಲಾಕಾನೋ ಕಡಲತೀರಕ್ಕೆ ಸುಮಾರು 60 ಕಿ.ಮೀ. ಇದು ಹಿಂದೆ ರೈಲು ಓಡುತ್ತಿದ್ದ ದಾರಿ. ಹಳಿ ಕಿತ್ತು ಡಾಂಬರು ಹಾಕಿದ್ದಾರೆ. ಉಗಿಬಂಡಿಗೆ ಏರು ಆಗುತ್ತಿರಲಿಲ್ಲವಾದ್ದರಿಂದ ನಿಮಗೂ ಏರು ಸಿಗುವುದಿಲ್ಲ. ಮಗ ಒಂದೇ ದಿನಕ್ಕೆ ಮುಗಿಸೋಣ ಎನ್ನುತ್ತಾನೆ, ಕೇಳಬೇಡಿ. ನಡುವೆ ಸಾಂತ್ ಎಲೆನ್ ಸುತ್ತಮುತ್ತ ತಂಗಿ ಎರಡು ದಿನ ಮಾಡಿಕೊಳ್ಳಿ. ಲಾಕಾನೋದಿಂದ ದಕ್ಷಿಣಕ್ಕೆ ಕಾಪ್ ಫೆರೆ ತುದಿಗೆ ಸುಮಾರು 50 ಕಿ.ಮೀ. ಇಲ್ಲಿ ಹಳೆಯ ಮರಳುದಿಬ್ಬಗಳ ಮೇಲೇ ಕಾಡು ಬೆಳೆದಿರುವುದರಿಂದ ಚಿಕ್ಕ ಚಿಕ್ಕ ಏರಿಳಿತಗಳಿವೆ. ಕಷ್ಟವಾದರೆ ಇಳಿದು ನೂಕಿ, ಯಾರೂ ನಗುವುದಿಲ್ಲ. ಕಾಪ್ ಫೆರೆಯಿಂದ ಸೈಕಲ್ ಸಮೇತ ದೋಣಿ ಹತ್ತಿದರೆ ಅರ್ಧ ಗಂಟೆಯಲ್ಲಿ ಆರ್ಕಾಶೋನ್. ಅಲ್ಲಿಂದ ಬೋರ್ಡೋಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಹತ್ತಿಸಬಹುದು, ಆದರೆ ಬೇಸಿಗೆಯ ವಾರಾಂತ್ಯದಲ್ಲಿ ಜಾಗಕ್ಕೆ ಪೈಪೋಟಿ ಇರುತ್ತದೆ. ಸೋಮವಾರವೋ ಮಂಗಳವಾರವೋ ವಾಪಸಾಗುವ ಹಾಗೆ ನೋಡಿಕೊಳ್ಳಿ.

ಬ್ಯಾಟರಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ‘ಅದು ಮೋಸ ಅಲ್ವಾ’ ಎಂದು ಕೇಳಿದ್ದೀರಿ. ಮಿಕ್ಸಿ ಬಂದ ಮೇಲೂ ರುಬ್ಬುಗುಂಡಿನಲ್ಲೇ ಅರೆಯಬೇಕೆಂದು ಹಟ ಮಾಡುವವರು ಮಾಡಲಿ.

ಪ್ರಶ್ನೆ: ನಾನು ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಫೋಟೋದಲ್ಲಿ ಮರಗಳು ಸಾಲುಸಾಲಾಗಿ ನಿಂತಿವೆ. ಇದು ಕಾಡೋ, ನೆಡುತೋಪೋ?
– ಶಿರಸಿ

ನೀವು ಹಿಡಿಯುತ್ತೀರಿ ಎಂದು ಗೊತ್ತಿತ್ತು. ನೆಡುತೋಪೇ. ಆದರೆ ಸುಮಾರು ಹತ್ತು ಲಕ್ಷ ಹೆಕ್ಟೇರಿನ ನೆಡುತೋಪು. ಪಶ್ಚಿಮ ಯುರೋಪಿನಲ್ಲಿ ಮನುಷ್ಯ ನೆಟ್ಟ ಕಾಡುಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ.

ಇನ್ನೂರು ವರ್ಷದ ಹಿಂದೆ ಇಲ್ಲಿ ಕಣ್ಣು ಹಾಯುವವರೆಗೆ ಬಯಲು. ಮೇಲೆ ಬರೀ ಮರಳು. ಅದರಡಿ ಒಂದು ಮೀಟರ್ ಆಸುಪಾಸಿನಲ್ಲಿ ಕಬ್ಬಿಣದಂಶ ಸೇರಿ ಕಲ್ಲಾದ ಕಂದು ಪದರ, ಅದಕ್ಕೆ ಅಲಿಯೋಸ್ ಎನ್ನುತ್ತಾರೆ. ಮಳೆನೀರು ಅದನ್ನು ದಾಟಿ ಇಳಿಯುವುದಿಲ್ಲ, ಹಾಗಾಗಿ ಚಳಿಗಾಲವಿಡೀ ಜೌಗು. ಕುರಿ ಮೇಯಿಸುವವರು ಮರಗಾಲು ಕಟ್ಟಿಕೊಂಡು ಓಡಾಡುತ್ತಿದ್ದರು. ಕೆಸರಿನ ಮೇಲೂ ನಡೆಯಬಹುದು, ದೂರದ ಕುರಿಯೂ ಕಾಣುತ್ತದೆ. ಕುರಿ ಸಾಕುತ್ತಿದ್ದುದು ಮಾಂಸ, ಉಣ್ಣೆಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಆ ಗೊಬ್ಬರದಿಂದ ಒಂದಿಷ್ಟು ರೈ ಬೆಳೆದು ರೊಟ್ಟಿ ಸುಡುತ್ತಿದ್ದರು. 1891ರಲ್ಲಿ ಆರ್ಕಾಶೋನಿನ ಸಿಲ್ವಾನ್ ದೋರ್ನೋನ್ ಎಂಬಾತ ಪ್ಯಾರಿಸ್ಸಿನಿಂದ ಮಾಸ್ಕೋವರೆಗೆ ಮರಗಾಲಿನಲ್ಲೇ ನಡೆದು ಹೋದ. ಸಾಹಸ ಎಂಬ ಮಾತನ್ನು ಅಂಥವರಿಗೆ ಇಟ್ಟುಕೊಳ್ಳೋಣ.

ಕಡಲಂಚಿನ ಮರಳುದಿಬ್ಬಗಳು ಗಾಳಿಗೆ ಒಳನಾಡಿನ ಕಡೆ ಸರಿದು ಊರುಗಳನ್ನು ನುಂಗುತ್ತಿದ್ದವು. ಅವನ್ನು ಪೈನ್ ನೆಟ್ಟು ಹಿಡಿದು ನಿಲ್ಲಿಸುವ ಕೆಲಸ 18ನೇ ಶತಮಾನದ ಕೊನೆಗೆ ಬ್ರೆಮೊಂಟಿಯೇ ಎಂಬ ಎಂಜಿನಿಯರನ ಉಸ್ತುವಾರಿಯಲ್ಲಿ ದೊಡ್ಡದಾಗಿ ಶುರುವಾಯಿತು. ಒಳನಾಡಿನ ಜೌಗಿಗೆ ಕಾಲುವೆ ತೋಡಿ ನೀರು ಬಸಿದರೆ ಪೈನ್ ಬರುತ್ತದೆ ಎಂದು ಶಾಂಬ್ರಲಾನ್ ಎಂಬ ಇನ್ನೊಬ್ಬ ಎಂಜಿನಿಯರ್ ತನ್ನ ಸ್ವಂತ ಜಮೀನಿನಲ್ಲಿ ಮಾಡಿ ತೋರಿಸಿದ. 1857ರ ಜೂನ್ 19ರಂದು ಮೂರನೇ ನೆಪೋಲಿಯನ್ ಕಾಲದ ಕಾನೂನು ಬಂತು: ಊರೂರಿನ ಗೋಮಾಳದ ನೀರು ಬಸಿದು ಮರ ನೆಡಲೇಬೇಕು. ಖರ್ಚು ಭರಿಸಲಾಗದೆ ಊರಿನವರು ಜಮೀನು ಮಾರಿದರು. ಕುರಿಗಾಹಿಗಳಿಗೆ ಮೇವಿನ ನೆಲ ಹೋಯಿತು, ಸಿಟ್ಟಿಗೆ ಅಲ್ಲಲ್ಲಿ ಹೊಸ ತೋಪಿಗೆ ಬೆಂಕಿ ಬಿತ್ತು. ಈಗಲೂ ಈ ಕಾಡಿನ ಬಹುಪಾಲು ಖಾಸಗಿಯವರದೇ. ಇದೇ ಕಾಲದಲ್ಲಿ, 1868ರಲ್ಲಿ, ನಿಮ್ಮ ಜಿಲ್ಲೆಯ ಕಾರವಾರದ ಮರಳಿಗೆ ಗಾಳಿಮರ ಬಂದ ಕಥೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮರ ನೆಟ್ಟವರಿಗೆ ಲಾಭ ಕಂಡದ್ದು ರಾಳದಲ್ಲಿ. ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಅಲ್ಲಿನ ದಕ್ಷಿಣ ರಾಜ್ಯಗಳ ಬಂದರು ಬಂದ್ ಆಗಿ ರಾಳ, ಟರ್ಪೆಂಟೈನ್ ಸಿಗದಂತಾದಾಗ ಇಲ್ಲಿನ ರಾಳಕ್ಕೆ ಚಿನ್ನದ ಬೆಲೆ ಬಂತು. ಇಂದಿಗೂ ಹಳೆಯ ಮರಗಳ ಬುಡದಲ್ಲಿ ಉದ್ದುದ್ದ ಗಾಯದ ಗುರುತು ಕಾಣುತ್ತದೆ. ತೊಗಟೆ ಕೆರೆದು, ಬಾಗಿದ ಅಲಗಿನ ಕೊಡಲಿಯಿಂದ ಹಲಗೆಯಗಲ ಕೆತ್ತಿ, ಅದರ ಕೆಳಗೆ ಸತುವಿನ ತಗಡಿನ ತುಂಡು ಬಡಿದು, ಅದಕ್ಕೆ ಆನಿಸಿ ಒಂದು ಮಣ್ಣಿನ ಕುಡಿಕೆ. ಒಣಗದ ಹಾಗೆ ಗಾಯವನ್ನು ಆಗಾಗ ಮೇಲಕ್ಕೆ ಕೆತ್ತುತ್ತಾ ಹೋಗುತ್ತಿದ್ದರು. ಈ ಕುಡಿಕೆಯ ವಿಧಾನ ಬಂದದ್ದು 1840ರ ದಶಕದಲ್ಲಿ. ಅದಕ್ಕೂ ಮುಂಚೆ ಬುಡದಲ್ಲಿ ಮರಳಿನ ಗುಂಡಿ ತೋಡಿ ಹಿಡಿಯುತ್ತಿದ್ದರಂತೆ, ಅರ್ಧ ಕಸವೇ. 1990ರ ಹೊತ್ತಿಗೆ ಈ ಕಸುಬು ನಿಂತಿತು. ಈಗ ಮರ ಬೆಳೆಸುವುದು ದಿಮ್ಮಿಗೆ, ಹಲಗೆಗೆ, ಕಾಗದಕ್ಕೆ. ನಲವತ್ತು ಐವತ್ತು ವರ್ಷಕ್ಕೆ ಕೊಯ್ಲು.

ಒಂದು ಅಪವಾದವಿದೆ, ನಿಮಗೆಂದೇ ಹೇಳಬೇಕು. ಆರ್ಕಾಶೋನ್ ಪಕ್ಕದ ಲಾ ತೆಸ್ತ್ ಊರಿನ ಕಾಡು ಈ ಕಾನೂನಿಗಿಂತ ಎಷ್ಟೋ ಹಳೆಯದು. 1468ರ ಒಪ್ಪಂದದಿಂದ ಬಂದ ಹಕ್ಕು: ಮರ ಯಾರದೇ ಇರಲಿ, ಊರಿನವರು ಉರುವಲಿಗೂ ಮನೆ ಕಟ್ಟಲೂ ತರಬಹುದು. ನನಗೆ ಇದನ್ನು ಯಾರೋ ವಿವರಿಸಲು ಹೊರಟಾಗ ಅರ್ಧಕ್ಕೇ ತಡೆದು ‘ಗೊತ್ತಾಯ್ತು, ಸೊಪ್ಪಿನಬೆಟ್ಟ’ ಎಂದೆ (ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟದವರಿಗೆ ಸೊಪ್ಪು, ಸೌದೆ ತರುವ ಹಕ್ಕಿರುವ ಕಾಡು). ಅವರಿಗೆ ಅದನ್ನು ವಿವರಿಸುವಷ್ಟರಲ್ಲಿ ಕಾಫಿ ತಣ್ಣಗಾಯಿತು.

ಪ್ರಶ್ನೆ: ಸತ್ಯ ಹೇಳಿ ಮೇಡಂ. ದಿನವಿಡೀ ಅದೇ ಪೈನ್, ಅದೇ ನೆರಳು. ಬೋರ್ ಆಗಲ್ವಾ?
– ಬೆಂಗಳೂರು

ಆಗುತ್ತದೆ. ಲಾಕಾನೋ ದಾರಿಯಲ್ಲಿ ಗೆರೆ ಎಳೆದ ಹಾಗೆ ನೇರ ಹೋಗುವ ತುಂಡುಗಳಿವೆ. ಎದುರಿನ ಚುಕ್ಕಿ ಮನುಷ್ಯನಾಗಿ ಹತ್ತಿರ ಬರಲು ಐದು ನಿಮಿಷ. ಒಂದೇ ವರ್ಷ ನೆಟ್ಟದ್ದರಿಂದ ಮರಗಳೂ ಒಂದೇ ಎತ್ತರ. ನೆರಳೂ ನೀವಂದುಕೊಂಡಷ್ಟು ದಟ್ಟವಲ್ಲ. ಪೈನಿನ ಎಲೆ ಸೂಜಿ, ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲೇ ಇಳಿಯುತ್ತದೆ.

ಬೇಸರ ಕಳೆಯುವುದು ಎರಡರಿಂದ. ಮೊದಲನೆಯದು ಮಾತು. ಕಾರಿಲ್ಲದ ದಾರಿಯಲ್ಲಿ ಅಕ್ಕಪಕ್ಕ ಹೊಡೆಯಬಹುದು. ಹಿಂದೆ ತಿರುಗಿ ನೋಡುವ ಕೆಲಸವಿಲ್ಲ, ಕಿವಿ ಹಿಂದಕ್ಕೆ ಇಟ್ಟು ಕಾಯುವುದಿಲ್ಲ. ಮನೆಯಲ್ಲಿ ಮೂರು ವಾಕ್ಯಕ್ಕೆ ಮುಗಿಯುವ ನಮ್ಮವರು ಕಾಡಿನಲ್ಲಿ ತಮ್ಮ ಕಾಲೇಜು ದಿನಗಳಿಂದ ಶುರು ಮಾಡುತ್ತಾರೆ.

ಎರಡನೆಯದು, ತೋಪಿನ ವಯಸ್ಸು ಗಮನಿಸುವುದು. ಒಂದು ಕಡೆ ಮೊಣಕಾಲೆತ್ತರದ ಸಸಿ, ಮುಂದೆ ಹತ್ತು ವರ್ಷದ ದಟ್ಟ ಪೊದರು, ಆಮೇಲೆ ಬಿಡಿಸಿ ತೆಳ್ಳಗೆ ಮಾಡಿದ ಎತ್ತರದ ಮರಗಳು, ಕೆಳಗೆ ಸೊಂಟದುದ್ದ ಜರಿಗಿಡ, ಆಮೇಲೆ ಇದ್ದಕ್ಕಿದ್ದಂತೆ ಬಟ್ಟಬಯಲು. ದಾರಿಬದಿಗೆ ಆಳೆತ್ತರಕ್ಕೆ ದಿಮ್ಮಿ ಒಟ್ಟಿರುತ್ತಾರೆ. ಕಡಿದ ಮುಖದಲ್ಲಿ ರಾಳ ಮಣಿಮಣಿಯಾಗಿ ಒಸರಿ ಬಿಸಿಲಿಗೆ ವಾಸನೆ ಬಿಡುತ್ತಿರುತ್ತದೆ. ಮೂಗಿಗೆ ಅಷ್ಟು ಹಿತವಾದದ್ದು ಕೈಗೆ ಹತ್ತಿದರೆ ಸೋಪಿಗೆ ಜಗ್ಗುವುದಿಲ್ಲ. ಅಡುಗೆ ಎಣ್ಣೆ ಸವರಿ ಉಜ್ಜಿ, ಹೋಗುತ್ತದೆ.

ಕಡಲ ಕಡೆಯ ದಾರಿಯಲ್ಲಿ ಡಾಂಬರಿನ ಬದಲು ಕಿರಿದಾದ ಕಾಂಕ್ರೀಟ್ ಹಲಗೆಗಳು ಸಿಗುತ್ತವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ತಮ್ಮ ಅಟ್ಲಾಂಟಿಕ್ ಗೋಡೆಯ ಬಂಕರುಗಳಿಗೆ ಸಾಮಾನು ಸಾಗಿಸಲು ಹಾಕಿದ್ದು. ಹಲಗೆಯಿಂದ ಹಲಗೆಗೆ ಸಂದು, ಸಂದಿಗೊಂದು ‘ಟಕ್’. ಕ್ಯಾರಿಯರಿನಲ್ಲಿ ಸ್ಟೀಲ್ ಡಬ್ಬಿ ಇಟ್ಟವರು ಎರಡು ಕಿ.ಮೀ.ಯಲ್ಲಿ ಇಳಿದು ಅದಕ್ಕೆ ಟವೆಲ್ ಸುತ್ತುತ್ತಾರೆ. ಅದೇ ದಾರಿ ಊರ್ತಾನ್–ಕಾರ್ಕಾನ್ ಸರೋವರದ ಪಡುವಣ ಮಗ್ಗುಲಿನಲ್ಲಿ ಹಾಯುತ್ತದೆ. ಪೂರ್ತಿಯಾಗಿ ಫ್ರಾನ್ಸಿನೊಳಗೇ ಇರುವ ನೈಸರ್ಗಿಕ ಸರೋವರಗಳಲ್ಲಿ ಇದೇ ದೊಡ್ಡದು. ಒಳನಾಡಿನ ತೊರೆಗಳು ಕಡಲಿಗೆ ಹೋಗಲು ದಿಬ್ಬ ಅಡ್ಡ ಬಂದು ಹೀಗೆ ಸಾಲು ಸಾಲು ಸರೋವರಗಳಾಗಿ ನಿಂತಿವೆ. ಇಳಿದು ಸ್ನಾನ ಮಾಡಬಹುದು. ಅಂಚು ತುಂಬಾ ದೂರದವರೆಗೆ ಮೊಣಕಾಲುದ್ದ.

ಇನ್ನು ಆರ್ಕಾಶೋನ್ ದಾಟಿದ ಮೇಲೆ ಪಿಲಾ ಮರಳುದಿಬ್ಬ: ಎತ್ತರ 100 ಮೀಟರಿಗೂ ಹೆಚ್ಚು, ಉದ್ದ 3 ಕಿ.ಮೀ.ಗೆ ಹತ್ತಿರ. ಇದೊಂದು ಯಾರ ಮಾತೂ ಕೇಳಿಲ್ಲ, ವರ್ಷಕ್ಕೆ ಕೆಲವು ಮೀಟರ್ ಪೂರ್ವಕ್ಕೆ ಸರಿಯುತ್ತಾ ಪೈನ್ ಮರಗಳನ್ನು ನಿಂತಲ್ಲೇ ಹೂಳುತ್ತಿದೆ. ನೋಡಲೇಬೇಕು, ಆದರೆ ಬೆಳಗ್ಗೆ ಒಂಬತ್ತಕ್ಕೆ ಮುಂಚೆ. ಆಮೇಲೆ ಬಸ್ಸುಗಳು ಬರುತ್ತವೆ.

ನನ್ನನ್ನು ಕೇಳಿದರೆ ಕಡಲ ದಾರಿಗಿಂತ ಒಳನಾಡಿನ ಮಿಯೋಸ್–ಬಾಜಾಸ್ ದಾರಿ ಹೆಚ್ಚು ಇಷ್ಟ. ಅದೂ ಹಳೆಯ ರೈಲು ಹಾದಿ, 75 ಕಿ.ಮೀ.ಗಿಂತ ತುಸು ಜಾಸ್ತಿ. ಹಳೆಯ ಸ್ಟೇಷನ್ ಕಟ್ಟಡಗಳು ಅಲ್ಲಲ್ಲಿ ಉಳಿದಿವೆ. ಪ್ರವಾಸಿಗರು ಕಡಿಮೆ. ಕಾಡು ಸೀಳಿಕೊಂಡು ಬಂದು ಕೊನೆಗೆ ಬಾಜಾಸಿನ ದೊಡ್ಡ ಚರ್ಚಿನೆದುರು, ಕಮಾನು ಸಾಲಿನ ಚೌಕದಲ್ಲಿ ಕುರ್ಚಿ ಎಳೆದು ಕೂರುವುದಿದೆಯಲ್ಲ, ಅದಕ್ಕಾಗಿಯೇ ಹೋಗಬಹುದು. ಮನೆಗಳ ಸುತ್ತ ಓಕ್ ಮರ, ಹುಲ್ಲು, ಬೇಲಿಯಿಲ್ಲದ ಅಂಗಳ ಇರುವ ಹಳೆಯ ವಾಸ್ತವ್ಯಗಳನ್ನು ನೋಡುವ ಆಸೆಯಿದ್ದರೆ ಸಾಬ್ರ್ ಊರಿನ ಹತ್ತಿರ ಮಾರ್ಕೆಜ್ ಬಯಲು ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹಳೆಯ ರೈಲಿನಲ್ಲೇ ಕರೆದೊಯ್ಯುತ್ತಾರೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಳ್ಳಿ ಕಾಡಿನಲ್ಲಿ ಊಟದ ಗತಿ?
– ಉಡುಪಿ

ಕಷ್ಟ, ಮುಚ್ಚಿಡುವುದಿಲ್ಲ. ಇದು ಬಾತುಕೋಳಿಯ ಸೀಮೆ. ‘ಸಲಾದ್ ಲಾಂದೇಸ್’ ಎಂಬ ಹೆಸರು ನೋಡಿ ಸಲಾಡ್ ಅಂದುಕೊಂಡು ಹೇಳಬೇಡಿ. ಸೊಪ್ಪಿನ ಮೇಲೆ ಹೊಗೆಯಾಡಿಸಿದ ಬಾತಿನ ಎದೆಮಾಂಸ, ಒಳಗಿನ ಅಂಗಗಳ ತುಂಡು ಎಲ್ಲ ಬರುತ್ತವೆ. ಬೋರ್ಡೋದ ಹೆಸರಾಂತ ಸಿಹಿ ಕಾನೆಲೆಯಲ್ಲಿ ಮೊಟ್ಟೆಯೂ ಇದೆ, ರಮ್ಮೂ ಇದೆ.

ನಿಮಗೆ ದಾರಿ ಬೇಕರಿ. ಬಾಗೆತ್ ರೊಟ್ಟಿಗೆ ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟರೆ ಬೇರೇನೂ ಬೇಡ. ಜೊತೆಗೆ ಟೊಮೆಟೊ, ಸೌತೆ, ಹಣ್ಣು, ಮೊಸರು. ವಸಂತದಲ್ಲಿ ಹೋದರೆ ಇಲ್ಲಿನ ಮರಳುನೆಲದ ಆಸ್ಪರಾಗಸ್ ಸಿಗುತ್ತದೆ. ಚೀಸ್ ವಿಷಯದಲ್ಲಿ ಕಟ್ಟುನಿಟ್ಟಿನವರು ಗಮನಿಸಿ, ಹಲವು ಚೀಸುಗಳಲ್ಲಿ ಹಾಲು ಒಡೆಸುವುದಕ್ಕೆ ಕರುವಿನ ಹೊಟ್ಟೆಯ ಅಂಶ ಬಳಸುತ್ತಾರೆ. ನಾನಂತೂ ತೆಳು ಅವಲಕ್ಕಿ, ಚಟ್ನಿಪುಡಿ, ಒಂದು ಚಿಕ್ಕ ಬಾಟಲಿ ಎಣ್ಣೆ ಇಲ್ಲದೆ ಹೊರಡುವುದಿಲ್ಲ. ಒಲೆ ಹಚ್ಚದೆ ಊಟ ಮುಗಿಯುತ್ತದೆ. ಕ್ಯಾಂಪ್‌ಸೈಟಿನ ಪಕ್ಕದ ಡೇರೆಯ ಡಚ್ ದಂಪತಿಗೆ ಒಮ್ಮೆ ಹಚ್ಚಿದ ಅವಲಕ್ಕಿ ಕೊಟ್ಟೆ. ಗಂಡ ಡಬ್ಬಿ ವಾಪಸ್ ಕೊಡಲಿಲ್ಲ, ತೊಳೆದು ಕೊಡುತ್ತೇನೆಂದು ಒಳಗೆ ಒಯ್ದು ಉಳಿದದ್ದನ್ನೂ ತಿಂದ.

ಊಟಕ್ಕಿಂತ ಹೊತ್ತಿನ ಚಿಂತೆ ದೊಡ್ಡದು. ಹಳ್ಳಿಯ ಅಂಗಡಿ ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರೋ ನಾಲ್ಕೋ ಗಂಟೆಗೆ. ಸೋಮವಾರ ಬೇಕರಿಗೆ ರಜೆ ಇರುವ ಊರುಗಳು ಬಹಳ. ಭಾನುವಾರ ಬೆಳಗ್ಗೆಯೇ ಎರಡು ಬಾಗೆತ್ ಹೆಚ್ಚು ತೆಗೆದಿಡಿ. ನೀರು ಮುಗಿದರೆ ಸ್ಮಶಾನ ಹುಡುಕಿ. ನಗಬೇಡಿ, ಫ್ರಾನ್ಸಿನ ಸೈಕಲ್ ಸವಾರರೆಲ್ಲ ಮಾಡುವುದು ಇದನ್ನೇ. ಗೋರಿಯ ಹೂಗಿಡಗಳಿಗೆಂದು ನಲ್ಲಿ ಇಟ್ಟಿರುತ್ತಾರೆ. ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕ ಇಲ್ಲ ಎಂದು ಖಚಿತ ಮಾಡಿಕೊಂಡು ತುಂಬಿಸಿ. ಮೊದಲ ಸಲ ನಮ್ಮ ಅತ್ತೆಗೆ ಈ ವಿಷಯ ಹೇಳದೆಯೇ ನೀರು ಕುಡಿಸಿದ್ದೆವು.

ಪ್ರಶ್ನೆ: ಹೆಣ್ಣುಮಗಳೊಬ್ಬಳೇ ಹೋಗಬಹುದೇ? ಕಾಡಿನಲ್ಲಿ ಡೇರೆ ಹಾಕಬಹುದೇ?
– ಮಂಗಳೂರು

ಹೋಗಬಹುದು, ಹೋಗುವವರನ್ನು ನೋಡುತ್ತಲೇ ಇರುತ್ತೇನೆ. ಜನರ ಭಯಕ್ಕಿಂತ ಜನರಿಲ್ಲದಿರುವುದರ ಭಯವನ್ನು ಲೆಕ್ಕಕ್ಕೆ ಹಿಡಿಯಿರಿ. ಸೆಪ್ಟೆಂಬರಿನ ಮಂಗಳವಾರ ಒಳನಾಡಿನ ದಾರಿಯಲ್ಲಿ ಬಿದ್ದು ಕಾಲು ಉಳುಕಿದರೆ ಮುಂದಿನ ಸೈಕಲ್ ಬರಲು ಹೊತ್ತು ಹಿಡಿಯುತ್ತದೆ, ಕೆಲವೆಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಎಲ್ಲಿಂದ ಎಲ್ಲಿಗೆ ಎಂದು ಬೆಳಗ್ಗೆ ಯಾರಿಗಾದರೂ ತಿಳಿಸಿ ಹೊರಡಿ. ತುರ್ತಿಗೆ 112.

ಕಾಡಿನಲ್ಲಿ ಡೇರೆ ಬೇಡ. ಇಲ್ಲಿ ಅದಕ್ಕೆ ನಿಷೇಧವಿದೆ, ಕಾರಣ ಮುಂದಿನ ಉತ್ತರದಲ್ಲಿದೆ. ಪುರಸಭೆ ನಡೆಸುವ ಕ್ಯಾಂಪ್‌ಸೈಟುಗಳು ಅಗ್ಗ, ಬಿಸಿನೀರು ಇರುತ್ತದೆ, ರಾತ್ರಿ ಸುತ್ತ ಮಕ್ಕಳ ಗಲಾಟೆ ಇರುತ್ತದೆ, ಅದೇ ರಕ್ಷಣೆ. ‘ಆಕ್ಯೂಯ್ ವೆಲೋ’ ಎಂಬ ಫಲಕ ಇರುವ ತಂಗುದಾಣಗಳಲ್ಲಿ ಸೈಕಲ್ ಇಡಲು ಬೀಗವಿರುವ ಜಾಗ, ರಿಪೇರಿ ಸಾಮಾನು ಸಿಗುತ್ತವೆ.

ಒಂದು ಸೂಚನೆ, ಊರಿನಿಂದ ಬರುವವರಿಗೆಲ್ಲ ಮೊದಲೇ ಹೇಳುತ್ತೇನೆ: ಲಾಕಾನೋದಿಂದ ಉತ್ತರಕ್ಕೆ ಹೋದರೆ ಮೊಂತಾಲಿವೆ ಎಂಬ ಊರು. 1950ರಿಂದ ಅಲ್ಲಿ ಬಟ್ಟೆ ಧರಿಸದೆ ರಜೆ ಕಳೆಯುವವರ ದೊಡ್ಡ ವಸತಿ ಇದೆ. ಕಡಲಿಗೆ ಇಳಿದಾಗ ಎದುರು ಅಜ್ಜ ಅಜ್ಜಿ ಹಾಗೇ ಬಂದರೆ ಗಾಬರಿಯಾಗಬೇಡಿ. ಮೊಬೈಲ್ ಮಾತ್ರ ಜೇಬಿನಲ್ಲಿರಲಿ.

ಪ್ರಶ್ನೆ: ಕೆಲವು ವರ್ಷದ ಹಿಂದೆ ಅಲ್ಲಿ ಭಾರೀ ಕಾಳ್ಗಿಚ್ಚು ಎಂದು ಟಿ.ವಿ.ಯಲ್ಲಿ ನೋಡಿದ ನೆನಪು. ಈಗ ಹೇಗಿದೆ?
– ಕುಶಾಲನಗರ

ಅದು 2022ರ ಜುಲೈ. ಒಂದೇ ದಿನ ಎರಡು ಕಡೆ, ಲಾ ತೆಸ್ತ್ ಮತ್ತು ಲಾಂದಿರಾಸ್‌ನಲ್ಲಿ ಬೆಂಕಿ ಎದ್ದು, ಎರಡೂ ಸೇರಿ 20 ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟಿತು. ಆಗಸ್ಟಿನಲ್ಲಿ ಲಾಂದಿರಾಸ್ ಕಡೆ ಮತ್ತೆ ಹೊತ್ತಿತು. ಪಿಲಾ ದಿಬ್ಬದ ಬುಡದ ಕ್ಯಾಂಪ್‌ಸೈಟುಗಳು ಬೂದಿಯಾದವು. ಸೊಪ್ಪಿನಬೆಟ್ಟದಂಥ ಆ ಹಳೆಯ ಕಾಡಿನ ಬಹುಭಾಗವೂ ಹೋಯಿತು. ಮಿಯೋಸ್–ಬಾಜಾಸ್ ದಾರಿಯ ಓಸ್ತೆನ್ಸ್ ಊರಿನ ಬಳಿ ನೆಲದಡಿಯ ಲಿಗ್ನೈಟ್ ಇದ್ದಲಿಗೆ ಹತ್ತಿದ ಬೆಂಕಿ ಮರುವರ್ಷವೂ ಹೊಗೆಯಾಡುತ್ತಿತ್ತು. ನಾನು ಆ ತುಂಡಿನಲ್ಲಿ ಹೋದಾಗ ಮೊದಲು ಗೊತ್ತಾದದ್ದು ಗಾಳಿ. ಮರಗಳು ಇಲ್ಲದ್ದರಿಂದ ಎದುರುಗಾಳಿ ಎದೆಗೇ ಬಡಿಯಿತು. ಕರಿ ಮೋಟುಗಳ ನಡುವೆ ಜರಿಗಿಡ ಹಸಿರಾಗಿ ಎದ್ದಿತ್ತು.

ಆದ್ದರಿಂದ ಬೇಸಿಗೆಯಲ್ಲಿ ಅಪಾಯದ ಮಟ್ಟ ಏರಿದ ದಿನ ಜಿಲ್ಲಾಡಳಿತ ಕಾಡಿನ ದಾರಿಗಳನ್ನು ಮುಚ್ಚಿಸುತ್ತದೆ. ಆ ದಿನ ‘ಇಷ್ಟು ದೂರದಿಂದ ಬಂದಿದ್ದೇವೆ’ ಎಂಬ ವಾದ ನಡೆಯುವುದಿಲ್ಲ, ನಡೆಯಲೂಬಾರದು. ಹಿಂದಿನ ಸಂಜೆ ಕ್ಯಾಂಪ್‌ಸೈಟಿನ ಕಚೇರಿಯಲ್ಲೋ ಊರಿನ ಪ್ರವಾಸಿ ಕಚೇರಿಯಲ್ಲೋ ಕೇಳಿ. ಸಿಗರೇಟು, ಗ್ಯಾಸ್ ಸ್ಟವ್ ಎರಡೂ ಕಾಡಿನಲ್ಲಿ ಬೇಡ. ಕಾಫಿ ಇಲ್ಲದೆ ಆಗದವರು ಫ್ಲಾಸ್ಕ್ ತನ್ನಿ.

ಪ್ರಶ್ನೆ: ಹಾವು, ಹುಲಿ, ಉಣುಗು?
– ಸೊರಬ

ಹುಲಿಯಿಲ್ಲ. ಕಾಡುಹಂದಿ, ಜಿಂಕೆ ಇವೆ, ನಿಮ್ಮನ್ನು ಕಂಡರೆ ಅವೇ ಓಡುತ್ತವೆ. ಉಣುಗು ಇದೆ. ಕ್ಯಾಸನೂರು ಇರುವ ತಾಲ್ಲೂಕಿನವರಿಗೆ ನಾನು ಉಣುಗಿನ ಪಾಠ ಹೇಳಬೇಕೇ? ಇಲ್ಲಿ ಮಂಗನ ಕಾಯಿಲೆ ಇಲ್ಲ, ಆದರೆ ಲೈಮ್ ಎಂಬ ಕಾಯಿಲೆ ಹರಡುತ್ತದೆ. ಜರಿಗಿಡದಲ್ಲಿ ಕೂತೆದ್ದ ದಿನ ಸಂಜೆ ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ. ಕಚ್ಚಿದ್ದರೆ ಕೀಳುವುದಕ್ಕೆ ಔಷಧಿ ಅಂಗಡಿಯಲ್ಲಿ ಚಿಕ್ಕ ಕೊಕ್ಕೆ ಸಿಗುತ್ತದೆ.

ನೀವು ಕೇಳದೇ ಇದ್ದದ್ದು ಒಂದಿದೆ: ಕಂಬಳಿಹುಳ. ಚಳಿಗಾಲದ ಕೊನೆಗೆ, ವಸಂತದ ಮೊದಲಿಗೆ ಪೈನ್ ಮರದ ಮೇಲಿನ ಬಿಳಿ ಬಲೆಗೂಡಿನಿಂದ ಇಳಿದು, ಒಂದರ ಬಾಲಕ್ಕೆ ಇನ್ನೊಂದು ತಲೆ ಹಚ್ಚಿ ಉದ್ದ ಮೆರವಣಿಗೆಯಲ್ಲಿ ದಾರಿ ದಾಟುತ್ತವೆ. ಮಕ್ಕಳಿಗೆ ಕಡ್ಡಿಯಿಂದ ಕೆದಕುವ ಆಸೆಯಾಗುತ್ತದೆ. ಬಿಡಬೇಡಿ. ಅದರ ರೋಮ ಗಾಳಿಯಲ್ಲಿ ಹಾರಿ ಕಣ್ಣು, ಗಂಟಲಿಗೆ ಹೋದರೆ ಆಸ್ಪತ್ರೆಯೇ ಗತಿ. ನಾಯಿಗಳು ನಾಲಿಗೆ ಕಳೆದುಕೊಂಡದ್ದಿದೆ.

ಪ್ರಶ್ನೆ: ನಮ್ಮ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಕಾಡೊಳಗೆ ಪುಟ್ಟ ರೈಲು ಓಡುತ್ತಿತ್ತು. ಹಳಿ ಹೋಯಿತು. ಅಲ್ಲಿ ಇಂಥದ್ದೊಂದು ಸೈಕಲ್ ದಾರಿ ಏಕೆ ಆಗಲಿಲ್ಲ?
– ತರೀಕೆರೆ

ಹಳಿ ಕಿತ್ತ ಮೇಲೆ ನೆಲ ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಲಾಕಾನೋ ದಾರಿಯಲ್ಲಿ ಆ ಕಿರುಪಟ್ಟಿಯನ್ನು ತುಂಡು ತುಂಡು ಮಾಡಿ ಮಾರಲಿಲ್ಲ. ಜಿರೋಂದ್ ಜಿಲ್ಲಾ ಪರಿಷತ್ತು ಉದ್ದಕ್ಕೂ ಹಿಡಿದಿಟ್ಟುಕೊಂಡು ಸೈಕಲ್ಲಿಗೆ ಬಿಟ್ಟಿತು. ನಡುವೆ ಒಬ್ಬರ ಗದ್ದೆ, ಇನ್ನೊಬ್ಬರ ಕಾಂಪೌಂಡು ಬಂದರೆ ಮುಗಿಯಿತು, ಉಳಿದ 50 ಕಿ.ಮೀ. ಇದ್ದೂ ಇಲ್ಲದಂತೆ. ನಿಮ್ಮ ಕಡೆ ಇನ್ನೊಂದು ವ್ಯತ್ಯಾಸ: ಅದು ಭದ್ರಾ ಅಭಯಾರಣ್ಯದ ಆಸುಪಾಸು, ಆನೆ ಓಡಾಡುವ ಜಾಗ. ಪೈನ್ ತೋಪಿನ ದಾರಿಯನ್ನು ಹಾಗೇ ಎತ್ತಿ ಅಲ್ಲಿ ಇಡಲು ಬರುವುದಿಲ್ಲ, ಇಡಬೇಕೆಂದು ನನಗೆ ಅನ್ನಿಸುವುದೂ ಇಲ್ಲ. ಊರುಗಳ ನಡುವಿನ ಕಾಲುವೆ ಏರಿಗಳನ್ನು ಶಾಲೆ ಮಕ್ಕಳಿಗಾಗಿ ಸಮ ಮಾಡಿಸಿ ಎಂದು ಪಂಚಾಯಿತಿಗೆ ಅರ್ಜಿ ಕೊಡುವುದಾದರೆ ನನ್ನ ಸಹಿಯೂ ಇರಲಿ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು?
– ಧಾರವಾಡ, ಮೈಸೂರು, ಇನ್ನೂ ಹಲವರು

ಮೇ ಕೊನೆ, ಜೂನ್, ಸೆಪ್ಟೆಂಬರ್. ಜುಲೈ–ಆಗಸ್ಟಿನಲ್ಲಿ ಕಾರಿಲ್ಲದ ದಾರಿಯಲ್ಲೂ ಟ್ರಾಫಿಕ್ ಜಾಮ್, ಬೀಚಿಗೆ ಹೊರಟ ಇಡೀ ಸಂಸಾರಗಳು. ಅಕ್ಟೋಬರ್–ನವೆಂಬರಿನಲ್ಲಿ ಒಳನಾಡಿನಲ್ಲಿ ಕಾಡುಪಾರಿವಾಳದ ಬೇಟೆ. ಜರಿಗಿಡ ಹೊದಿಸಿದ ಸುರಂಗದಂಥ ಮರೆಗಳಲ್ಲಿ ಕೂತವರು ನೀವು ಬೆಲ್ ಬಾರಿಸಿದರೆ ಕೆಂಗಣ್ಣು ಬಿಡುತ್ತಾರೆ. ಚಳಿಗಾಲದಲ್ಲಿ ಬರುವ ಧೈರ್ಯವಿದ್ದರೆ ಆರ್ಜುಜಾಂಕ್ಸ್ ಕಡೆ ಹೋಗಿ. ಹಳೆಯ ಲಿಗ್ನೈಟ್ ಗಣಿಯಲ್ಲಿ ನೀರು ನಿಂತು ಈಗ ಸಾವಿರ ಸಾವಿರ ಕ್ರೌಂಚ ಪಕ್ಷಿಗಳು ಸಂಜೆ ಬಂದಿಳಿಯುತ್ತವೆ.

ಪ್ರಶ್ನೆ: ಊರಿನಿಂದ ಸೈಕಲ್ ಒಯ್ಯಲೇ, ಅಲ್ಲೇ ಬಾಡಿಗೆ ಹಿಡಿಯಲೇ? ನಿಯಮಗಳೇನು?
– ದಾವಣಗೆರೆ

ವಾರದ ಓಡಾಟಕ್ಕೆ ಬಾಡಿಗೆಯೇ ಸರಿ. ವಿಮಾನದ ಲಗೇಜಿನ ಚಾರ್ಜು, ಡಬ್ಬ, ಬಿಚ್ಚುವುದು ಕಟ್ಟುವುದು ಯಾರಿಗೆ ಬೇಕು. ರೇಸಿನ ತೆಳು ಟೈರಿನ ಸೈಕಲ್ ಕೊಟ್ಟರೆ ಬೇಡ ಎನ್ನಿ. ಪೈನ್ ಬೇರುಗಳು ಡಾಂಬರನ್ನು ಎತ್ತಿ ಉಬ್ಬಿಸಿರುತ್ತವೆ, ತಿರುವಿನಲ್ಲಿ ಮರಳು, ಮಳೆ ಬಿದ್ದ ಮೇಲೆ ಒದ್ದೆ ಸೂಜಿ ಎಲೆಯ ಜಾರು. 35–40 ಮಿ.ಮೀ. ದಪ್ಪದ ಟೈರು ಇರಲಿ. ಬಿಡಿ ಟ್ಯೂಬು, ಪಂಪು ಬಾಡಿಗೆಯಲ್ಲೇ ಸೇರಿದೆಯೇ ಕೇಳಿ.

ನಿಯಮ: ಬಲಗಡೆ ಹೋಗುವುದು. 12ಕ್ಕಿಂತ ಚಿಕ್ಕ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ (2017ರಿಂದ), ದೊಡ್ಡವರಿಗೆ ಕಡ್ಡಾಯವಿಲ್ಲದಿದ್ದರೂ ಹಾಕಿಕೊಳ್ಳಿ. ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಜಾಕೆಟ್ಟು ಬೇಕು. ಇನ್ನು ಬ್ರೇಕು. ನಮ್ಮಲ್ಲಿ ಬಲಗೈ ಹಿಡಿದರೆ ಮುಂದಿನ ಚಕ್ರ ನಿಲ್ಲುತ್ತದೆ, ಫ್ರಾನ್ಸಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಅದು ಎಡಗೈಗೆ ಇರುತ್ತದೆ. ಬಾಡಿಗೆ ಅಂಗಡಿಯ ಅಂಗಳದಲ್ಲೇ ನಾಲ್ಕು ಸುತ್ತು ಹೊಡೆದು, ಯಾವ ಕೈಗೆ ಯಾವ ಚಕ್ರ ಎಂದು ಬೆರಳಿಗೆ ಅಭ್ಯಾಸವಾದ ಮೇಲೆಯೇ ದಾರಿಗೆ ಇಳಿಯಿರಿ.